ಬಟ್ಟೆ ಗೋಡೆಯ ಆಚೆ

ಪುಟ್ಟಿ,

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯದಲ್ಲಿ ಇದು ನಮ್ಮ ಎರಡನೇ ರಾತ್ರಿ. ಸಿಗ್ನಲ್ ಬಂದು ಬಂದು ಹೋಗುತ್ತೆ, ಅದಕ್ಕೇ ಕಾಗದ ಹಿಡಿದೆ. ನೀನು ಪರೀಕ್ಷೆ ಅಂತ ಹಾಸ್ಟೆಲಿನಲ್ಲೇ ಉಳಿದೆ. ನಿಮ್ಮಪ್ಪನ ಗೊಣಗಾಟ ಕೇಳೋಕೆ ನಾನೊಬ್ಬಳೇ ಸಿಕ್ಕಿದ್ದು. "ಇಷ್ಟು ದುಡ್ಡು ಕೊಟ್ಟು ಡೇರೆಯಲ್ಲಿ ಮಲಗೋದಾ? ಜಾತ್ರೆಯಲ್ಲಾದ್ರೆ ಪುಕ್ಕಟೆ" ಅಂತ ನೈರೋಬಿಯಿಂದ ನಾರೋಕ್ ತನಕ ಅದೇ ಹಾಡು.

ಡೇರೆ ಅಂದರೆ ಸುಮ್ನೆ ಡೇರೆ ಅಲ್ಲ ಕಣೇ. ಮರದ ಅಟ್ಟಣೆ, ಅದರ ಮೇಲೆ ದಪ್ಪ ಕ್ಯಾನ್ವಾಸಿನ ಕೋಣೆ, ಒಳಗೆ ಮಂಚ, ಹಿಂದೆ ಬಚ್ಚಲು. ಸ್ನಾನ ಬೇಕು ಅಂದರೆ ಒಬ್ಬ ಹುಡುಗ ಬಿಸಿನೀರು ಹೊತ್ತು ತಂದು ಮೇಲೆ ಕಟ್ಟಿದ ಚೀಲಕ್ಕೆ ಸುರಿಯುತ್ತಾನೆ. ಸರಪಳಿ ಎಳೆದರೆ ನೀರು. ನಮ್ಮ ಹಂಡೆ ನೀರಿನ ಹಾಗೇ, ಮುಗಿದರೆ ಮುಗೀತು. ಸೋಪು ಹಚ್ಚಿಕೊಂಡ ಮೇಲೆ ಮುಗಿದರೆ ಏನು ಗತಿ ಅಂತ ಅಪ್ಪನನ್ನೇ ಕೇಳು.

ಬೇಲಿ ಇಲ್ಲ. ಕತ್ತಲಾದ ಮೇಲೆ ಒಬ್ಬರೇ ಹೊರಗೆ ಕಾಲಿಡುವ ಹಾಗಿಲ್ಲ. ಟಾರ್ಚ್ ಅಲ್ಲಾಡಿಸಿದರೆ ಅಸ್ಕರಿ, ಅಂದರೆ ಕಾವಲಿನವನು, ಬಂದು ಕರೆದೊಯ್ಯುತ್ತಾನೆ. ಒಳಗೆ ತಿಂಡಿ ಇಡಬಾರದು ಅಂತಲೂ ಹೇಳಿದ್ದರು. ಅಪ್ಪ ಕೋಡುಬಳೆ ಡಬ್ಬಿ ಬಚ್ಚಿಟ್ಟರು, ಡೇರೆಯ ಜಿಪ್ಪಿಗೆ ಕ್ಲಿಪ್ ಹಾಕೋದು ಮರೆತರು. ಊಟ ಮುಗಿಸಿ ಬಂದಾಗ ಕಪ್ಪು ಮುಖದ ಕೋತಿಯೊಂದು ಮರದ ಮೇಲೆ ನಿನ್ನಜ್ಜಿಯ ಕೋಡುಬಳೆ ಕಟುಂ ಕಟುಂ ಅಗಿಯುತ್ತಿತ್ತು.

ನಿನ್ನೆ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ತಲೆದಿಂಬಿನ ಹತ್ತಿರವೇ ಪರಕ್, ಪರಕ್ ಅಂತ ಸದ್ದು. ಆಮೇಲೆ ಉಸ್ಸಂತ ದೊಡ್ಡ ಉಸಿರು. ಅಪ್ಪ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ನನಗೆ ಮಾತ್ರ ಹೆದರಿಕೆ ಬರಲಿಲ್ಲ. ಇದು ನನಗೆ ಗೊತ್ತಿರೋ ಸದ್ದು. ಅಜ್ಜನ ಮನೆಯಲ್ಲಿ ನಾನು ಮಲಗುತ್ತಿದ್ದ ಗೋಡೆಯ ಆಚೆಯೇ ಕೊಟ್ಟಿಗೆ. ಕಪಿಲೆ ರಾತ್ರಿಯೆಲ್ಲ ಹುಲ್ಲು ಎಳೆದು ತಿನ್ನೋಳು, ನಡುವೆ ಹೀಗೇ ಉಸಿರು ಬಿಡೋಳು. ನಿದ್ದೆ ಬಂದೇ ಬಿಟ್ಟಿತು.

ಬೆಳಗ್ಗೆ ಅಸ್ಕರಿ ನಗುತ್ತಾ ಹೆಜ್ಜೆ ತೋರಿಸಿದ. ನಾಲ್ಕು ಬೆರಳು, ಅಪ್ಪನ ಚಪ್ಪಲಿಯಷ್ಟು ಉದ್ದ. ಕಿಬೋಕೋ! ನೀರಾನೆ ಕಣೇ. ಒಂದೂವರೆ ಟನ್ ತೂಕದ ಪ್ರಾಣಿ. ಹಗಲೆಲ್ಲ ನದಿಯಲ್ಲಿ ಮುಳುಗಿದ್ದು ರಾತ್ರಿ ಮೇಯೋಕೆ ಬರುತ್ತಂತೆ, 40 ಕಿಲೋದಷ್ಟು ಹುಲ್ಲು ತಿನ್ನುತ್ತಂತೆ. ಅದಕ್ಕೂ ನೀರಿಗೂ ನಡುವೆ ಮಾತ್ರ ಸಿಕ್ಕಬಾರದು.

ನನ್ನ ಹರಕು ಇಂಗ್ಲಿಷಿನಲ್ಲಿ ಕಪಿಲೆ ಕಥೆ ಹೇಳಿದೆ. ಅವನು ಮಸಾಯಿ ಹುಡುಗ, ಇಲ್ಲಿನ ದನ ಸಾಕುವ ಜನ. ಲೋಕದ ಹಸುಗಳನ್ನೆಲ್ಲ ದೇವರು ತಮಗೇ ಕೊಟ್ಟಿದ್ದು ಅಂತ ಅವರ ನಂಬಿಕೆ. ತಟ್ಟನೆ ಗಂಭೀರವಾದ. ಬಣ್ಣ ಯಾವುದು, ಕೊಂಬು ಹೇಗಿತ್ತು, ಕರು ಎಷ್ಟು ಹಾಕಿತು, ಎಲ್ಲ ಕೇಳಿದ. ಈಗ ಎಷ್ಟಿವೆ ಅಂದ. ಒಂದೂ ಇಲ್ಲ ಅಂದೆ. ಸಾವಿನ ಮನೆಯಲ್ಲಿ ನೋಡುವ ಹಾಗೆ ನನ್ನನ್ನು ನೋಡಿ, "ಪೋಲೆ, ಮಾಮಾ" ಅಂದ. ಪೋಲೆ ಅಂದರೆ ಪಾಪ, ಬೇಸರವಾಯ್ತು ಅಂತ. ಮಾಮಾ ಅಂದರೆ ಅಮ್ಮ! ಅಪ್ಪನಿಗೆ ಅದು ಕೇಳಿ ಕೇಳಿ ನಗು.

ಸಫಾರಿ ಕಥೆ ಕೇಳ್ತೀಯಲ್ವಾ? ಸಮಭಾಜಕದ ಪಕ್ಕದಲ್ಲೇ ಇದ್ದರೂ ಬೆಳಗ್ಗೆ ಸ್ವೆಟರ್ ಬೇಕು, ಅಷ್ಟು ಎತ್ತರದ ಜಾಗ. ಆಗಸ್ಟಿನಲ್ಲಿ ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಕಡೆಯಿಂದ ನ್ಯೂಂಬು, ಅಂದರೆ ವೈಲ್ಡ್‌ಬೀಸ್ಟ್ ಅನ್ನೋ ದನದಂಥ ಕಾಡುಪ್ರಾಣಿಗಳು, ಹುಲ್ಲು ಹುಡುಕಿಕೊಂಡು ಇಲ್ಲಿಗೆ ಬರುತ್ತವೆ. ಒಟ್ಟು ಲಕ್ಷಗಟ್ಟಲೆ. ಮಾರಾ ನದಿ ದಾಟೋದು ನೋಡೋಣ ಅಂತ ಗಾಡಿಯಲ್ಲಿ ಎರಡು ಗಂಟೆ ಕಾದೆವು. (ಗಾಡಿಗೆ ಇಲ್ಲಿ 'ಗಾರಿ' ಅಂತಾರೆ, ಚಪಾತಿಗೆ ಚಪಾತಿನೇ.) ಅವು ದಡಕ್ಕೆ ಬಂದವು, ಮೊಸಳೆ ಇದ್ದ ನೀರು ಮೂಸಿದವು, ತಿರುಗಿ ಹೋದವು. ಸಿಂಹ ಸಿಕ್ಕಿತು, ಮಲಗಿತ್ತು. ಹೆಣ್ಣಾನೆಗೂ ದಂತ ನೋಡಿ ಅಪ್ಪ ನಂಬಲಿಲ್ಲ. ನಮ್ಮ ಕಬಿನಿಯಲ್ಲಿ ಗಂಡಿಗೆ ತಾನೇ ಇರೋದು?

ಅಪ್ಪ ಜಿಪ್ಪನ್ನು ಮೂರು ಸಲ ಎಳೆದು ನೋಡಿ ಮಲಗಿದ್ದಾರೆ. ಡೇರೆ ಬಾಡಿಗೆ ಬಗ್ಗೆ ಇವತ್ತು ಒಂದು ಮಾತೂ ಇಲ್ಲ. ಇರು, ಹೊರಗೆ ಪರಕ್ ಅಂತು. ದೀಪ ಆರಿಸುತ್ತೇನೆ.

ನಿನ್ನ
ಅಮ್ಮ