ಕೂಗಬೇಡಿ, ತುಟಿ ಕಾಣುವಂತೆ ಮಾತಾಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಕೌಂಟರ್‌ನಲ್ಲಿ ಕೂರುವವರಲ್ಲಿ ನನ್ನದೊಂದು ವಿನಂತಿ. ಕಿವಿ ಮಂದವಾದವರು ಎದುರಿಗೆ ಬಂದಾಗ ದಯವಿಟ್ಟು ದನಿ ಏರಿಸಬೇಡಿ. ಕಂಪ್ಯೂಟರ್ ಕಡೆಯಿಂದ ಮುಖ ಇತ್ತ ತಿರುಗಿಸಿ, ನಿಮ್ಮ ತುಟಿ ಕಾಣುವ ಹಾಗೆ ಮಾತಾಡಿ.

ನಾನು ಇದೇ ಊರಿನ ಹತ್ತಿ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿ ದುಡಿದವನು. ಸಾಲು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿರುಚಿದರೂ ಕೇಳುತ್ತಿರಲಿಲ್ಲ. ನೂಲು ಹರಿದದ್ದು, ಸೂಪರ್‌ವೈಸರ್ ಬರುತ್ತಿರುವುದು, ಊಟಕ್ಕೆ ಏಳುವುದು ಎಲ್ಲವನ್ನೂ ತುಟಿ, ಕೈಸನ್ನೆ ನೋಡಿಯೇ ತಿಳಿಯುತ್ತಿದ್ದೆವು. ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ತಂದ ಗಿರಣಿಗಳ ಕಾಲ ಮುಗಿಯಿತು. ಆ ಸದ್ದಿಗೆ ಬಲಿಯಾದ ಕಿವಿಗಳು ಇನ್ನೂ ಇಲ್ಲೇ ಓಡಾಡಿಕೊಂಡಿವೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುತ್ತಿರುವ ಮೊಮ್ಮಗಳಿಂದ, ಕೂಗಿದರೂ ನಮಗೆ ಮಾತು ಅರ್ಥವಾಗದಿರುವ ಕಾರಣ ತಿಳಿಯಿತು. ಒಂದೊಂದು ಒಳಗಿವಿಯಲ್ಲೂ ಸದ್ದು ಹಿಡಿಯುವ ಸುಮಾರು 15,000 ರೋಮಕೋಶಗಳಿರುತ್ತವೆ. ಸತತ ಸದ್ದಿಗೆ ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಸೋಲುವುದು 4,000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದು ಹಿಡಿಯುವ ಕೋಶಗಳು. ಆ, ಊ, ಓ ಸ್ವರಗಳು ನಮಗೆ ಈಗಲೂ ಕೇಳುತ್ತವೆ. ಸ, ತ, ಕ, ಪ ಜಾರಿಹೋಗುತ್ತವೆ. ಹಾಲು, ಸಾಲು, ಕಾಲು, ಪಾಲು ನಮ್ಮ ಕಿವಿಗೆ ಬರೀ 'ಆಲು'. "ಯಜಮಾನ್ರೆ, ಎಷ್ಟು ಸಾರಿ ಕೂಗ್ಬೇಕು ನಿಮಗೆ?" ಎಂದು ಗದರಿದರೆ ಸ್ವರವೇ ಇನ್ನಷ್ಟು ಜೋರಾಗಿ ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ಇಂಥ ಕಿವಿಗೆ ಜೋರು ದನಿ ಬೇಗ ಹಿಂಸೆಯೂ ಆಗುತ್ತದೆ. ನಾವು ಮುಖ ಸಿಂಡರಿಸುವುದು ಸಿಟ್ಟಿನಿಂದಲ್ಲ. ಅದೇ ತುಟಿ ಕಂಡರೆ, 'ಪಾಲು' ಅನ್ನುವಾಗ ತುಟಿ ಮುಚ್ಚುತ್ತದೆ, 'ಸಾಲು' ಅನ್ನುವಾಗ ಮುಚ್ಚುವುದಿಲ್ಲ, ಅಷ್ಟರಲ್ಲೇ ಅರ್ಥವಾಗಿಬಿಡುತ್ತದೆ.

ತುಟಿ ಓದುವುದು ಕಿವುಡರ ಕಸುಬು ಎಂದುಕೊಂಡವರು ಬಹಳ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದೇ ಹೇಳುತ್ತದೆ. 'ಗ' ಎನ್ನುವ ಬಾಯಿಯ ಚಿತ್ರಕ್ಕೆ 'ಬ' ಎಂಬ ಸದ್ದು ಜೋಡಿಸಿ ತೋರಿಸಿದರೆ ಹೆಚ್ಚಿನವರಿಗೆ 'ದ' ಎಂದು ಕೇಳುತ್ತದೆ. ಮೊಮ್ಮಗಳು ಅಂಥ ವಿಡಿಯೊವನ್ನು ನನ್ನ ಮನೆಯವಳಿಗೆ ತೋರಿಸಿದಳು. ಅವಳ ಕಿವಿ ಚುರುಕು. ಕಣ್ಣು ಮುಚ್ಚಿದಾಗ 'ಬ', ತೆರೆದಾಗ 'ದ'! ಗುಟ್ಟು ಹೇಳಿದ ಮೇಲೂ ಬದಲಾಗಲಿಲ್ಲ. ಕಣ್ಣು ಕಂಡದ್ದನ್ನೂ ಕಿವಿ ಕೇಳಿದ್ದನ್ನೂ ಮಿದುಳು ನಮ್ಮ ಅಪ್ಪಣೆ ಕೇಳದೆ ಒಂದಾಗಿಸುತ್ತದೆ. ಎಲ್ಲರಿಗೂ ಹೀಗೇ ಇರುವಾಗ, ನಾವು ಬಾಯಿ ನೋಡುತ್ತೇವೆಂದು ಯಾರೂ ಮುಜುಗರಪಡಬೇಕಿಲ್ಲ.

ಶ್ರವಣಯಂತ್ರ ನನ್ನ ಬಳಿಯೂ ಇದೆ, ಮನೆಯಲ್ಲಿ ಬಹಳ ಉಪಯೋಗ. ಆದರೆ ಗದ್ದಲದ ಹಾಲ್‌ನಲ್ಲಿ ಪಕ್ಕದವರ ಮಾತೂ ಫ್ಯಾನಿನ ಸದ್ದೂ ಅದರೊಳಗೆ ನುಗ್ಗುತ್ತವೆ. ಟೋಕನ್ ಕೂಗುವಾಗ ಇಪ್ಪತ್ತೋ ಎಪ್ಪತ್ತೋ ತಿಳಿಯದೆ ಸರದಿ ತಪ್ಪಿಸಿಕೊಂಡು ಮನೆಗೆ ಮರಳಿದ ಹಿರಿಯರನ್ನು ಬಲ್ಲೆ. ಔಷಧಿಯ ವಿಷಯದಲ್ಲಿ ಹೀಗಾದರೆ ಗತಿಯೇನು? ಮಾಸ್ಕ್ ತೆಗೆಯಲಾಗದ ಡಾಕ್ಟರು, ನರ್ಸಮ್ಮಂದಿರು ಎರಡು ಸಾಲು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಕೌಂಟರ್ ಗಾಜಿನ ಮೇಲೆ ಅಂಟಿಸಿದ ನೋಟಿಸುಗಳನ್ನು ಬಾಯಿಯ ಮಟ್ಟದಿಂದ ಪಕ್ಕಕ್ಕೆ ಸರಿಸಿ. ಟೋಕನ್ ಸಂಖ್ಯೆ ತೋರಿಸುವ ಬೋರ್ಡ್ ಇರುವ ಕಡೆ ಅದನ್ನು ಚಾಲೂ ಇಡಿ. ಇಲ್ಲದ ಕಡೆ ಒಂದು ಸ್ಲೇಟಾದರೂ ಎತ್ತಿ ತೋರಿಸಿ.

ಇಂತಿ,
ನಿವೃತ್ತ ಗಿರಣಿ ಕಾರ್ಮಿಕ, ದಾವಣಗೆರೆ