ಚೆನ್ನೈ ಸಂಗೀತ ಕಚೇರಿಗೆ ಹೊರಡುವವರ ಗಮನಕ್ಕೆ

ಹೊಸೂರಿನ ಸಂಗೀತಾಸಕ್ತ ಬಂಧುಗಳೇ, ಡಿಸೆಂಬರ್ ಕಚೇರಿಗಳಿಗೆ ಹೊರಡುವ ಮುನ್ನ ಮ್ಯೂಸಿಕ್ ಅಕಾಡೆಮಿಯ ಕಥೆ ತಿಳಿದಿರಲಿ. 1927ರಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನದ ಜೊತೆಗೇ ನಡೆದ ಸಂಗೀತ ಸಮ್ಮೇಳನದಿಂದ ಹುಟ್ಟಿದ ಸಂಸ್ಥೆಯಿದು. ಸ್ವಂತ ಸಭಾಂಗಣಕ್ಕೆ ಮಾತ್ರ ಮೂರು ದಶಕಗಳಿಗೂ ಹೆಚ್ಚು ಕಾಯಬೇಕಾಯಿತು. 1955ರಲ್ಲಿ ಅಡಿಗಲ್ಲು ಹಾಕಿದವರು ನೆಹರೂ. 1962ರಲ್ಲಿ ಉದ್ಘಾಟಿಸಿದವರು ಯಾರು ಗೊತ್ತೇ? ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್! ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಅವರು. ತಮಿಳುನಾಡಿನ ಕನ್ನಡಿಗರಾದ ನಮಗೆ ಆ ಬಾಗಿಲು ದಾಟುವಾಗ ಎದೆಯುಬ್ಬದೆ ಇದ್ದೀತೇ!

ಒಳಗೆ ಮೊಬೈಲ್ ಸದ್ದು ಅಡಗಿರಲಿ. ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರವೇ ನುಡಿಸುವ ಭಾಗ, ಶುರುವಾದೊಡನೆ ಕಾಫಿಗೆಂದು ದಯವಿಟ್ಟು ಏಳಬೇಡಿ. ಮೃದಂಗ, ಘಟದವರು ಮುಕ್ತಾಯಕ್ಕೆ ಬರುವ ಹೊತ್ತಿಗೆ ನಾವೆಲ್ಲ ತಾಳ ಹಾಕುತ್ತಾ ಕುಳಿತಿರಬೇಕು. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಬರೆಯಿರಿ.