ಪಿಂಚಣಿಯನ್ನೇ ಬೈದರೆ ಸಾಕೇ?

ಮಾನ್ಯರೇ,

ಪಿಂಚಣಿಗೇ ದುಡ್ಡೆಲ್ಲ ಹೋದರೆ ಊರಿನ ರಸ್ತೆ, ಚರಂಡಿಗೆ ಏನು ಉಳಿಯುತ್ತದೆ ಎಂದು ಕಾರವಾರದಲ್ಲಿ ಈಗ ಯಾರು ಬೇಕಾದರೂ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಅಮೆರಿಕದ ಡೆಟ್ರಾಯಿಟ್ ನಗರ 2013ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅದರ ತಲೆ ಮೇಲೆ ಸುಮಾರು 1,800 ಕೋಟಿ ಡಾಲರ್ ಹೊರೆಯಿತ್ತು, ಅದರಲ್ಲಿ ದೊಡ್ಡ ಪಾಲು ನಿವೃತ್ತರ ಪಿಂಚಣಿ ಮತ್ತು ಆಸ್ಪತ್ರೆ ಖರ್ಚಿನದ್ದು. ಕೊನೆಗೆ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಯಲ್ಲಿ ಶೇ 4.5 ಕತ್ತರಿಸಿದರು, ಆಸ್ಪತ್ರೆ ಸೌಲಭ್ಯಕ್ಕಂತೂ ಇನ್ನೂ ದೊಡ್ಡ ಪೆಟ್ಟು ಬಿತ್ತು. ಸಾಲ ಮಾಡಿದವರು ಯಾರೋ, ತೆತ್ತವರು ಇನ್ಯಾರೋ.

ನಮ್ಮಲ್ಲಿ ಕಥೆ ಬೇರೆ. 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ನೌಕರರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಇದೆ, ಪಿಂಚಣಿ ನಿಧಿಗೆ ಅವರ ಸಂಬಳದಿಂದಲೇ ಶೇ 10 ಹೋಗುತ್ತದೆ. ಸಂಬಳದಿಂದ ಏನೂ ಕಡಿಯದೆ ಸರ್ಕಾರವೇ ಕೊಡುವ ಹಳೇ ಪಿಂಚಣಿ ಬೇಕು ಎನ್ನುವ ಅವರ ಬೇಡಿಕೆ ನನಗೆ ಅರ್ಥವಾಗುತ್ತದೆ, ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ಅದರ ಬಿಲ್ ಎಷ್ಟು ಎಂದು ಯಾವ ಪಕ್ಷವೂ ಬಾಯಿ ಬಿಡುವುದಿಲ್ಲ. ಚುನಾವಣೆ ಹೊತ್ತಿಗೆ ಸುಮ್ನೆ ಭರವಸೆ, ಅಷ್ಟೇ.

ಇನ್ನು ಆಸ್ಪತ್ರೆ ವಿಷಯ. ನಮ್ಮ ಜಿಲ್ಲೆಯ ಜನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಎಷ್ಟೋ ವರ್ಷಗಳಿಂದ ಕೂಗುತ್ತಿದ್ದಾರೆ. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾ. ವಯಸ್ಸಾದವರ ಪಿಂಚಣಿ ಆಂಬುಲೆನ್ಸ್ ಬಾಡಿಗೆಗೇ ಕರಗಿದರೆ ಅದನ್ನು ಯಾವ ಬಜೆಟ್ಟಿನಲ್ಲಿ ಬರೆಯುತ್ತೀರಿ? ಮೊದಲು ಆಸ್ಪತ್ರೆ ಕಟ್ಟಿ, ಪಿಂಚಣಿ ಲೆಕ್ಕವನ್ನೂ ಜನರ ಮುಂದಿಡಿ. ಆಮೇಲೆ ಕಡಿತದ ಮಾತು ಆಡೋಣ, ಅಲ್ವಾ?

– ಒಬ್ಬ ಓದುಗ, ಕಾರವಾರ